ಆದೆಪ್ಪನ ನೆಟ್ ಸರಿಹೋದ ಮೇಲೆ

ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವರು ಬೇಕಾದಷ್ಟು ಮಂದಿ. ಆದರೆ ಗೊಬ್ಬರ ಮಾರುತ್ತ ಮಾರುತ್ತ ತಾನೊಬ್ಬ ಶರಣ ಎಂಬುದನ್ನು ಕಂಡುಕೊಂಡವನು ಆದೆಪ್ಪ ಒಬ್ಬನೇ. ಅರವತ್ತು ದಾಟಿದ ಮೇಲೆ ಅವನಿಗೆ ಇದು ತಿಳಿಯಿತು. ಯಾವುದೋ ಸಂಘದವರು ವಾರ್ಷಿಕೋತ್ಸವಕ್ಕೆ ಕರೆದು, ಶಾಲು ಹೊದಿಸಿ, ಫಲಕ ಕೈಗಿಟ್ಟು, ಮೈಕಿನಲ್ಲಿ ‘ಶರಣಜೀವಿ ಆದೆಪ್ಪನವರು’ ಎಂದುಬಿಟ್ಟರು. ಅಂದಿನ ಊಟದ ಏರ್ಪಾಡು ಆದೆಪ್ಪನದೇ ಆಗಿತ್ತು ಎಂಬುದನ್ನು ಎಲ್ಲರೂ ಮರೆತರು, ಆದೆಪ್ಪನೂ ಮರೆತ. ‘ಶರಣಜೀವಿ’ಯನ್ನು ಮಾತ್ರ ಮರೆಯಲಿಲ್ಲ. ಮರುದಿನವೇ ವಚನ ಬರೆಯಲು ಕೂತ. ವಚನಕ್ಕೊಂದು ಅಂಕಿತ ಬೇಕು. ಮನೆಯ ಹಿಂದೆ ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಕವಲು ಹರಿಯುತ್ತಿತ್ತು. ‘ಎಡದಂಡೆ ಮಲ್ಲಿನಾಥಾ’ ಎಂದು ಇಟ್ಟುಕೊಂಡ.

ಅಂಗಡಿಯನ್ನು ಗುಮಾಸ್ತರ ಕೈಗೆ ಬಿಟ್ಟ. ಬರೆದದ್ದನ್ನು ಕೇಳುವವರು ಬೇಕಲ್ಲ, ಮೊದಲು ಹೆಂಡತಿ ಬಸವಣ್ಣೆಮ್ಮ ಸಿಕ್ಕಳು. ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ವಚನದ ಮುಖ್ಯವಾದ ಕಡೆಗೇ ರೊಟ್ಟಿಯ ಸಪ್ಪಳ ಜೋರಾಗುತ್ತದೆ ಎಂದು ಆದೆಪ್ಪನಿಗೆ ಅನುಮಾನ. ಆಮೇಲೆ ಮೊಬೈಲಿನಲ್ಲಿ ಹತ್ತು ಮನೆಯವರನ್ನು ಒಂದೇ ಸಲ ಕೂಡಿಸಬಹುದು ಎಂದು ಯಾರೋ ತೋರಿಸಿಕೊಟ್ಟರು. ಪ್ರತಿ ಸೋಮವಾರ ಸಂಜೆ ಏಳು ಗಂಟೆಗೆ ‘ಶರಣ ಚಿಂತನ’ ಶುರುವಾಯಿತು. ಲಿಂಗಸುಗೂರಿನಿಂದ ತಮ್ಮ ಬಸವಲಿಂಗ ಮತ್ತು ಅವನ ಹೆಂಡತಿ ರಾಜಶ್ರೀ, ಮಸ್ಕಿಯಿಂದ ಅಕ್ಕನ ಮಗ ವಿರೇಶ, ಮುದಗಲ್ಲಿನಿಂದ ಮಗಳು ಭಾಗ್ಯಶ್ರೀ, ಇನ್ನೂ ಅಲ್ಲಲ್ಲಿನ ಬೀಗರು ಬಿಜ್ಜರು ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಲ್ಲಿ ಕೂರಬೇಕು, ಆದೆಪ್ಪ ಓದಬೇಕು, ಓದಿದ್ದಕ್ಕೆ ತಾನೇ ಅರ್ಥ ಹೇಳಬೇಕು. ಎಲ್ಲರ ಬಾಯನ್ನೂ ಒಟ್ಟಿಗೆ ಬಂದ್ ಮಾಡುವ ಒಂದು ಗುಂಡಿ ಅದರಲ್ಲಿ ಇತ್ತು. ಈ ಹೊಸ ಕಾಲದ ಯಂತ್ರ ತಂತ್ರಗಳಲ್ಲೆಲ್ಲ ಆದೆಪ್ಪನಿಗೆ ಬಹಳ ಹಿಡಿಸಿದ್ದು ಆ ಗುಂಡಿ.

ಬರುವುದಿಲ್ಲ ಎನ್ನಲು ಯಾರಿಗೂ ಧೈರ್ಯವಿರಲಿಲ್ಲ. ಅವನು ಮನೆತನಕ್ಕೆ ಹಿರಿಯ, ಸಿಟ್ಟಿನಲ್ಲಿ ಅದಕ್ಕಿಂತ ಹಿರಿಯ. ಒಂದು ಹೆಸರಿಡುವ ಕಾರ್ಯದಲ್ಲಿ ತನಗಿಂತ ಮೊದಲು ಇನ್ನೊಬ್ಬರಿಗೆ ಎಲೆ ಅಡಿಕೆ ಕೊಟ್ಟರೆಂದು ಊಟ ಬಿಟ್ಟು ಎದ್ದು ಹೋದವನನ್ನು ಸಮಾಧಾನ ಮಾಡುವಷ್ಟರಲ್ಲಿ ಆ ಕೂಸು ನಡೆಯುವುದನ್ನು ಕಲಿತಿತ್ತು.

ಆದರೆ ಬಂಧುಗಳ ಪುಣ್ಯ ದೊಡ್ಡದು. ಪ್ರತಿ ಸೋಮವಾರ ಮೊದಲ ವಚನ ಮುಗಿಯುವ ಮೊದಲೇ ಆದೆಪ್ಪನ ನೆಟ್ ಹೋಗುತ್ತಿತ್ತು. ಬಾಯಿ ಅರ್ಧ ತೆರೆದು, ಒಂದು ಕಣ್ಣು ಮುಚ್ಚಿ, ತೋರುಬೆರಳು ಮೇಲೆತ್ತಿದ ಆದೆಪ್ಪ ಪರದೆಯಲ್ಲಿ ಕಲ್ಲಾಗಿ ನಿಂತು, ಆಮೇಲೆ ಮಾಯವಾಗುತ್ತಿದ್ದ. ಉಳಿದವರು ಮರ್ಯಾದೆಗೆ ಸ್ವಲ್ಪ ಹೊತ್ತು ಕಾದು, ‘ಯಣ್ಣಾ, ನಿನ್ನ ನೆಟ್ ಹೋಗೈತಿ ನೋಡು’ ಎಂದು ಬರೆದು ಹಾಕಿ ಊಟಕ್ಕೆ ಏಳುತ್ತಿದ್ದರು. ಮೂರು ತಾಲೂಕಿನ ಬಂಧುಬಳಗ ನೆಮ್ಮದಿಯಿಂದ ಇತ್ತು.

ನೆಮ್ಮದಿ ಇಲ್ಲದವನು ಆದೆಪ್ಪ. ರೌಟರನ್ನು ಅವನು ಹಾಲಿನ ಶೋಕೇಸಿನಲ್ಲಿ, ತನಗೆ ಬಂದ ಹಿತ್ತಾಳೆ ಫಲಕಗಳ ನಡುವೆ ಕೂಡಿಸಿದ್ದ. ಧೂಳು ಕೂಡಬಾರದೆಂದು ಸನ್ಮಾನದ ಶಾಲನ್ನೇ ಅದಕ್ಕೂ ಹೊದಿಸಿದ್ದ. ಗಾಜಿನ ಬಾಗಿಲನ್ನು ಹಾಕಿ ಚಿಲಕ ಬೇರೆ ಹಾಕುತ್ತಿದ್ದ. ಇಷ್ಟು ಮರ್ಯಾದೆ ಕೊಟ್ಟರೂ ಅದಕ್ಕೇನು ರೋಗ ಎಂದು ಅವನಿಗೆ ಅರ್ಥವಾಗಲಿಲ್ಲ. ಕೇಬಲ್ ಆಫೀಸಿನ ರಫೀಕನಿಗೆ ಫೋನು ಹಚ್ಚಿದ.

“ಆಫ್ ಮಾಡಿ ಆನ್ ಮಾಡ್ರಿ, ಸಾಹುಕಾರ್ರ,” ಎಂದ ರಫೀಕ್.

“ಮಾಡೀನಿ.”

“ಇನ್ನೊಮ್ಮೆ ಮಾಡ್ರಿ.”

ರಫೀಕನ ವಿದ್ಯೆ ಅಲ್ಲಿಗೆ ಮುಗಿಯುತ್ತಿತ್ತು. ಬಹಳ ಜಗ್ಗಾಡಿದ ಮೇಲೆ ಒಂದು ದಿನ ಕಣ್ಣಿಗೆ ಕಪ್ಪು ಕನ್ನಡಕ ಏರಿಸಿಕೊಂಡು ಬಂದ. ಶೋಕೇಸು ತೆರೆದ, ಶಾಲನ್ನು ಮೆಲ್ಲಗೆ ತೆಗೆದು ಮಡಚಿಟ್ಟ, ವೈರು ಬದಲಿಸಿದ, ಅರ್ಧ ತಾಸು ಅಲ್ಲೇ ಕೂತು ಚಹಾ ಕುಡಿಯುತ್ತ ಮೊಬೈಲಿನಲ್ಲಿ ಕ್ರಿಕೆಟ್ ನೋಡಿದ. ಒಂದು ಸಲವೂ ಕಟ್ಟಾಗಲಿಲ್ಲ. ಹೊರಡುವಾಗ ಶಾಲನ್ನು ಪೂಜೆಯ ವಸ್ತುವೆಂದು ತಿಳಿದು, ನೆರಿಗೆ ಸರಿಮಾಡಿ ಮೊದಲಿನಂತೆಯೇ ಹೊದಿಸಿ ಬಾಗಿಲು ಹಾಕಿದ. “ಬ್ಯಾನಿ ಬಂದಾಗ ಕರೀರಿ, ಸಾಹುಕಾರ್ರ. ಬ್ಯಾನಿ ಇಲ್ದಾಗ ನೋಡಿದ್ರ ಡಾಕ್ಟರಿಗೂ ಏನೂ ತಿಳ್ಯಂಗಿಲ್ಲ,” ಎಂದು ಹೇಳಿ ಹೋದ. ಈ ಮಾತು ಆದೆಪ್ಪನ ಮನಸ್ಸಿಗೆ ಬಹಳ ನಾಟಿತು.

ಆಮೇಲೆ ಅವನು ತಾನೇ ತನಿಖೆಗೆ ಇಳಿದ. ಪಕ್ಕದ ಮನೆಯವರು ಕದ್ದು ಬಳಸುತ್ತಿದ್ದಾರೆ ಎಂದು ಮೊದಲ ಅನುಮಾನ. ಪಾಸ್‌ವರ್ಡ್ ಬದಲಿಸಿ ತನ್ನದೊಂದು ವಚನದ ಕೊನೆಯ ಸಾಲನ್ನು ಪೂರ್ತಿ ಇಟ್ಟ. ಪಕ್ಕದವರಿಗೆ ಅದರಿಂದ ಏನಾಯಿತೋ ಗೊತ್ತಿಲ್ಲ, ಬಸವಣ್ಣೆಮ್ಮನಿಗೆ ತನ್ನ ಫೋನಿನಲ್ಲಿ ಅದನ್ನು ಒತ್ತಿ ಒತ್ತಿ ಹೆಬ್ಬೆರಳು ನೋವು ಬಂತು. ಫ್ರಿಜ್ಜಿನಿಂದ ಅಡ್ಡಿಯಾಗುತ್ತದೆ ಎಂದು ಯಾರೋ ಹೇಳಿದರು. ಸೋಮವಾರ ಮಧ್ಯಾಹ್ನದಿಂದಲೇ ಫ್ರಿಜ್ಜು ಬಂದ್. ಹಾಲು ಒಡೆಯಿತು, ನೆಟ್ ಎಂದಿನಂತೆ ಹೋಯಿತು. ನೀರಿನ ಮೋಟರು, ಮಿಕ್ಸರು, ಕಡೆಗೆ ಬಸವಣ್ಣೆಮ್ಮನ ಕೈಬಳೆಯ ಮೇಲೂ ಅನುಮಾನ ಬಂದು ಹೋಯಿತು.

ಗುಟ್ಟು ಬಯಲಾದದ್ದು ಭಾಗ್ಯಶ್ರೀಯಿಂದ. ಅವಳು ಮುದಗಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವವಳು. ಒಂದು ಭಾನುವಾರ ತವರಿಗೆ ಬಂದವಳು ಮಕ್ಕಳ ಪರೀಕ್ಷೆಯ ಅಂಕಗಳನ್ನು ಕಂಪ್ಯೂಟರಿಗೆ ಹಾಕಲು ಕೂತಳು. ನಾಲ್ಕು ಮಕ್ಕಳ ಅಂಕ ಹೋಗುವಷ್ಟರಲ್ಲಿ ಕಟ್, ಮತ್ತೆ ನಾಲ್ಕು, ಮತ್ತೆ ಕಟ್. ಎದ್ದು ಬಂದು ಶೋಕೇಸು ತೆರೆದು ಶಾಲಿನ ಒಳಗೆ ಕೈಯಿಟ್ಟಳು, ಇಟ್ಟ ಕೈ ಹಾಗೇ ಹಿಂದೆ ಬಂತು.

“ಯಪ್ಪಾ, ಇದರ ಮ್ಯಾಲ ರೊಟ್ಟಿ ಸುಡಬೌದು. ಕಾದು ಕಾದು ತಾನ ಬಂದ್ ಆಗಾಕತ್ತೈತಿ. ಬ್ಯಾಸಗಿ ದಿನದಾಗ ಶಾಲು ಯಾರರೆ ಹೊಚ್ಚತಾರೇನು?”

“ಅದು ಸನ್ಮಾನದ ಶಾಲು,” ಎಂದ ಆದೆಪ್ಪ.

“ಅದಕ್ಕೇನು ಸನ್ಮಾನ ಮಾಡೀದಿ?” ಎಂದು ಭಾಗ್ಯಶ್ರೀ ಶಾಲು ತೆಗೆದಳು. ಸುತ್ತಲೂ ಲೋಹದ ಫಲಕಗಳಿದ್ದರೆ ಸಿಗ್ನಲ್ ಹೊರಗೆ ಹೋಗುವುದಿಲ್ಲವೆಂದು ರೌಟರನ್ನು ಎತ್ತಿ ಕಪಾಟಿನ ನೆತ್ತಿಯ ಮೇಲೆ, ಗಾಳಿಯಾಡುವಲ್ಲಿ ಇಟ್ಟಳು. ಅವಳ ಕೆಲಸ ಒಂದೇ ಬೀಸಿಗೆ ಮುಗಿಯಿತು. ಮರುದಿನ ಸೋಮವಾರ ಎಂಬುದು ಪಾಪ ಅವಳ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಆದೆಪ್ಪ ಏಳಕ್ಕೆ ಶುರು ಮಾಡಿದ. ಮೊದಲ ವಚನ ಮುಗಿಯಿತು, ಅದರ ಅರ್ಥ ಮುಗಿಯಿತು, ಅರ್ಥದ ಒಳಾರ್ಥ ಶುರುವಾಯಿತು. ಲಿಂಗಸುಗೂರಿನಲ್ಲಿ ಬಸವಲಿಂಗ ಗಡಿಯಾರ ನೋಡಿದ, ಮಸ್ಕಿಯಲ್ಲಿ ವಿರೇಶ ತನ್ನ ಮೊಬೈಲೇ ಕೆಟ್ಟಿರಬೇಕೆಂದು ಅಲ್ಲಾಡಿಸಿ ನೋಡಿದ. ಒಂಬತ್ತು ಹೊಡೆದರೂ ಆದೆಪ್ಪ ಕಲ್ಲಾಗಲಿಲ್ಲ. ಊರಿಗೆ ಮರಳಿದ್ದ ಭಾಗ್ಯಶ್ರೀ ತನ್ನ ಚೌಕದಲ್ಲಿ ಕೂತು ತಾನೇನು ಮಾಡಿದೆ ಎಂಬುದನ್ನು ಅಂದು ಅರಿತಳು. ಮುಗಿದ ಕೂಡಲೇ ಅವಳಿಗೆ ಮೂರು ಫೋನು ಬಂದವು, ಮೂರರಲ್ಲೂ ಮಾತು ಒಂದೇ. “ನಿನಗ ಯಾರವ್ವ ಹೇಳಿದ್ರು ಅದನ್ನ ಮುಟ್ಟು ಅಂತ?”

ಮುಂದಿನ ಸೋಮವಾರದಿಂದ ವಿಚಿತ್ರವಾಯಿತು. ಆದೆಪ್ಪನ ನೆಟ್ ಗಟ್ಟಿಯಾಗಿ ನಿಂತಿತ್ತು, ಉಳಿದವರದೆಲ್ಲ ಹೋಗತೊಡಗಿತು. ಮೊದಲು ಬಸವಲಿಂಗನ ಚೌಕ ಕಪ್ಪಾಯಿತು, ಹಿಂದೆಯೇ ರಾಜಶ್ರೀಯ ಕಡೆಯಿಂದ ‘ಭಾವಾರ, ಇಲ್ಲಿ ನೆಟ್ ನಿಲ್ಲವಲ್ದು’ ಎಂದು ಸಂದೇಶ ಬಂತು. ವಿರೇಶನದು ಹೋಯಿತು. ಬೀಗರದು ಹೋಯಿತು. ಭಾಗ್ಯಶ್ರೀಯ ಊರಿನಲ್ಲಿ ಕರೆಂಟೇ ಹೋಯಿತು. ಖಾಲಿ ಪರದೆಗೆ ಒಂದು ವಚನ ಪೂರ್ತಿ ಓದಿ ಆದೆಪ್ಪ ಹಾಳೆ ಮಡಚಿದ. ಅಡುಗೆಮನೆಯಲ್ಲಿ ಬಸವಣ್ಣೆಮ್ಮ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದಳು.

ಬೇರೆಯವರಾಗಿದ್ದರೆ ಇಷ್ಟಕ್ಕೆ ಅರ್ಥ ಮಾಡಿಕೊಳ್ಳುತ್ತಿದ್ದರು. ಆದೆಪ್ಪನಿಗೆ ಅರ್ಥವಾದದ್ದೇ ಬೇರೆ. ತನ್ನ ಬಂಧುಗಳೆಲ್ಲ ವಚನ ಕೇಳಲಾಗದೆ ಒದ್ದಾಡುತ್ತಿದ್ದಾರೆ, ಅವರನ್ನು ಈ ಸಂಕಟದಿಂದ ಪಾರು ಮಾಡುವುದು ತನ್ನ ಧರ್ಮ. ಹಗಲೆಲ್ಲ ರಿಪೇರಿಯ ವಿಡಿಯೋ ನೋಡಿದ, ಕನ್ನಡದಲ್ಲಿ ಸಿಗದಿದ್ದರೆ ತೆಲುಗಿನಲ್ಲಿ ನೋಡಿದ. ಇಕ್ಕಳ, ಕಟರು, ಟೆಸ್ಟರು, ಕರಿ ಟೇಪು ತುಂಬಿದ ಒಂದು ಚೀಲ ಮಾಡಿಕೊಂಡ. ಒಂದು ಭಾನುವಾರ ಮಧ್ಯಾಹ್ನ ಕಾರು ಹೊಡೆದುಕೊಂಡು ಲಿಂಗಸುಗೂರಿಗೆ ಹೋದ.

ಬಸವಲಿಂಗ ಬಟ್ಟೆಯ ವ್ಯಾಪಾರಿ. ಮನೆಯ ಮಾಳಿಗೆಯ ಮೇಲೆ ನಿಂತಿದ್ದವನು ಅಣ್ಣನ ಕಾರು ಓಣಿಗೆ ತಿರುಗಿದ್ದನ್ನು ಕಂಡ. ಕೆಳಗೆ ರಾಜಶ್ರೀ ಟಿವಿಗೆ ನೆಟ್ ಹಚ್ಚಿಕೊಂಡು ಧಾರಾವಾಹಿ ನೋಡುತ್ತಿದ್ದಳು, ಚಿತ್ರ ಕನ್ನಡಿಯಂತೆ ಬರುತ್ತಿತ್ತು. ಬಸವಲಿಂಗ ಇಳಿದು ಬಂದವನೇ ರೌಟರಿನ ಹಿಂದಿನ ಹಳದಿ ವೈರನ್ನು ಎಳೆದುಬಿಟ್ಟ. ಆದೆಪ್ಪ ಒಳಗೆ ಬಂದಾಗ ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು.

“ನೋಡಣ್ಣಾ, ಹಿಂಗ ಆಗಾಕತ್ತೈತಿ,” ಎಂದ ಬಸವಲಿಂಗ ದುಃಖದಿಂದ.

ಆದೆಪ್ಪ ಹಿಂದೆ ಕೈಹಾಕಿ ವೈರನ್ನು ಒತ್ತಿದ. ಟಕ್ ಎಂದು ಕೂತಿತು, ದೀಪ ಹಸಿರಾಯಿತು. “ಇಷ್ಟ. ಸಡ್ಲ ಆಗಿತ್ತು,” ಎಂದು ಕೈತೊಳೆಯಲು ಹೋದ. ಬರುವಷ್ಟರಲ್ಲಿ ಮತ್ತೆ ಕೆಂಪು. ಮತ್ತೆ ಒತ್ತಿದ, ಹಸಿರು. ಊಟಕ್ಕೆ ಕೂತರು. ಬಸವಲಿಂಗ ಮೊಸರು ತರುತ್ತೇನೆಂದು ಎದ್ದು ಹೋಗಿ ಬಂದ. ಊಟ ಮುಗಿಸಿ ನೋಡಿದರೆ ಕೆಂಪು.

ಆದೆಪ್ಪ ರೌಟರಿನ ಮುಂದೆ ಪದ್ಮಾಸನ ಹಾಕಿ ಬಹಳ ಹೊತ್ತು ಯೋಚಿಸಿದ. ವೈರಿನ ತುದಿ ಸರಿಯಿದೆ, ರೌಟರ್ ಸರಿಯಿದೆ. ಹಾಗಾದರೆ ರೋಗ ವೈರಿನ ಹೊಟ್ಟೆಯೊಳಗಿರಬೇಕು. ಯಾರಾದರೂ ಏನಾದರೂ ಹೇಳುವ ಮೊದಲೇ ಚೀಲದಿಂದ ಕಟರು ತೆಗೆದು ಹಳದಿ ವೈರನ್ನು ನಡುವೆ ಕತ್ತರಿಸಿದ. ಹೊಲದ ಮೋಟರಿನ ವೈರು ಎಷ್ಟೋ ಸಲ ಜೋಡಿಸಿದ ಕೈ ಅದು. ತುದಿ ಕೆರೆದು, ಒಂದಕ್ಕೊಂದು ಹೊಸೆದು ಕರಿ ಟೇಪು ಸುತ್ತಲು ನೋಡಿದ. ಒಳಗೆ ತಾಮ್ರದ ತಂತಿ ಇರಲಿಲ್ಲ, ಕೂದಲಿಗಿಂತ ತೆಳುವಾದ ಗಾಜಿನ ಎಳೆಯೊಂದಿತ್ತು. ಹೊಸೆಯಲು ಹೋದರೆ ಅದು ಮುರಿದು ಬೆರಳಿಗೆ ಚುಚ್ಚಿತು. ಆದರೂ ಟೇಪು ಸುತ್ತಿದ. ದೀಪ ಮಿಣಕುವುದನ್ನೂ ಬಿಟ್ಟು ಕೆಂಪಗೆ ನಿಂತುಬಿಟ್ಟಿತು.

“ಈಗ ಖರೇನ ಹೋತು,” ಎಂದು ಬಸವಲಿಂಗನ ಬಾಯಿಂದ ಬಂದುಬಿಟ್ಟಿತು.

“ನಾ ಹೇಳ್ಲಿಲ್ಲೇನು, ವೈರ ಹಾಳಾಗೈತಿ ಅಂತ? ಕತ್ತರಿಸಿದ ಮ್ಯಾಲ ಪಕ್ಕಾ ಆತು,” ಎಂದ ಆದೆಪ್ಪ. ರಾಜಶ್ರೀ ಗಂಡನನ್ನು ಒಮ್ಮೆ ನೋಡಿ ಒಳಗೆ ಹೋದಳು. ಅವಳ ಧಾರಾವಾಹಿಯಲ್ಲಿ ಅಂದು ಯಾರದೋ ಮದುವೆ ನಿಲ್ಲುವುದಿತ್ತು. ಕೇಬಲ್ಲಿನವರು ಬಂದು ಹೊಸ ವೈರು ಎಳೆಯುವಷ್ಟರಲ್ಲಿ ವಾರ ಕಳೆಯಿತು, ಅಷ್ಟು ದಿನವೂ ಬಸವಲಿಂಗನಿಗೆ ತಟ್ಟೆಯಲ್ಲಿ ತಣ್ಣನೆಯ ರೊಟ್ಟಿ ಬಿತ್ತು.

ಇನ್ನು ಮಸ್ಕಿಯ ಸರದಿ. ವಿರೇಶ ಅಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು, ಊರಿನವರ ಆನ್‌ಲೈನ್ ಅರ್ಜಿ ತುಂಬುವುದು ಅವನ ಹೊಟ್ಟೆಪಾಡು. ನೆಟ್ ಪೂರ್ತಿ ಕೆಟ್ಟಿದೆ ಎಂದು ಹೇಳುವಂತಿರಲಿಲ್ಲ. “ಮಾಮಾ, ಬಾಕಿ ದಿನ ಛಲೋ ಇರ್ತೈತಿ. ಸೋಮವಾರ ಸಂಜಿಮುಂದ ಅಷ್ಟ ಹೋಗಿಬಿಡ್ತೈತಿ ನೋಡ್ರಿ,” ಎಂದಿದ್ದ.

ಸುಳ್ಳು ಇಷ್ಟು ಕರಾರುವಾಕ್ಕಾಗಿ ಇರಬಾರದಿತ್ತು. ಆದೆಪ್ಪನಿಗೆ ಅದರ ಮೇಲೆ ವಿಪರೀತ ಆಸಕ್ತಿ ಹುಟ್ಟಿತು. ಬ್ಯಾನಿ ಬಂದಾಗಲೇ ನೋಡಬೇಕು ಎಂದು ರಫೀಕ್ ಹೇಳಿರಲಿಲ್ಲವೇ? ಅದೂ ಅಲ್ಲದೆ ಲಿಂಗಸುಗೂರಿನಲ್ಲಿ ಅವನೊಂದು ವಿಷಯ ಗಮನಿಸಿದ್ದ. ತಾನು ಎದುರಿಗೆ ಕೂತಾಗ ರೌಟರ್ ಸರಿಯಿರುತ್ತದೆ, ತಾನು ಎದ್ದಾಗ ಕೆಡುತ್ತದೆ. ಅದಕ್ಕೆ ಸುದ್ದಿ ಕೊಡದೆ ಹೋಗಿ ಹಿಡಿಯಬೇಕು. ಆ ಸೋಮವಾರ ಮಧ್ಯಾಹ್ನ ಗುಂಪಿಗೆ ‘ತಾಂತ್ರಿಕ ಕಾರಣಗಳಿಂದ ಇಂದು ಶರಣ ಚಿಂತನ ಇರುವುದಿಲ್ಲ’ ಎಂದು ಬರೆದು ಹಾಕಿದ. ಎಲ್ಲರೂ ಕೂಡಲೇ ‘ಅಯ್ಯೋ’ ಎಂದು ಉತ್ತರ ಕೊಟ್ಟರು. ಹೆಂಡತಿಗೆ, ಹತ್ತಿರದ ಸಾಲಗುಂದಕ್ಕೆ ಹೋಗಿ ಗಿರಾಕಿ ದ್ಯಾವಪ್ಪನ ಗದ್ದೆ ನೋಡಿ ಬರುತ್ತೇನೆ ಎಂದ.

“ಸಾವಕಾಶ ಬರ್ರಿ, ಅವಸರ ಏನಿಲ್ಲ,” ಎಂದಳು ಬಸವಣ್ಣೆಮ್ಮ. ಇಷ್ಟು ಮೆತ್ತಗೆ ಅವಳು ಮಾತಾಡಿ ಬಹಳ ಕಾಲವಾಗಿತ್ತು.

ಮಸ್ಕಿ ಮುಟ್ಟಿದಾಗ ಏಳು ದಾಟಿತ್ತು. ವಿರೇಶನ ಮನೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ನಗು ಕೇಳಿಬಂತು, ಬಹಳ ಮಂದಿಯ ನಗು. ಚೀಲ ಹಿಡಿದು ಆದೆಪ್ಪ ಹೊಸ್ತಿಲಲ್ಲಿ ನಿಂತ. ವಿರೇಶ ಬಾಗಿಲಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತಿದ್ದ. ಎದುರಿಗೆ ಗೋಡೆಯಗಲದ ಟಿವಿ, ಅದರ ನೆತ್ತಿಯ ಮೇಲೆ ಕ್ಯಾಮೆರಾ. ಟಿವಿಯ ತುಂಬ ಚೌಕ ಚೌಕವಾಗಿ ಇಡೀ ಬಂಧುಬಳಗ.

ನಡುವಿನ ಚೌಕದಲ್ಲಿ ಬಸವಲಿಂಗ. ಹೆಗಲಿಗೆ ಹಾಸಿಗೆಯ ಚಾದರವನ್ನು ಶಾಲಿನಂತೆ ಹೊದ್ದು, ತೋರುಬೆರಳು ಮೇಲೆತ್ತಿ, ಗಂಟಲು ಸರಿಮಾಡಿಕೊಂಡು ಓದುತ್ತಿದ್ದ.

“ಎಲ್ಲಾರೂ ಬಾಯಿ ಬಂದ್ ಮಾಡ್ಕೊಳ್ರಿ. ಹ್ಞಾಂ. ಗೊಬ್ಬರ ಹಾಕಿದೊಡೆ ಬೆಳೆ ಬಂದೀತು, ಗರ್ವ ಹಾಕಿದೊಡೆ ಏನು ಬಂದೀತಯ್ಯಾ? ನಾನು ನಾನೆಂಬುದ ನಾನು ಬಿಟ್ಟೆ ನೋಡಾ, ಎಡದಂಡೆ ಮಲ್ಲಿನಾಥಾ.”

ನಗು ಉಕ್ಕಿತು. “ಇದಕ್ಕ ನಾ ಆರು ಅರ್ಥ ಹೇಳ್ತೀನಿ,” ಎಂದು ಬಸವಲಿಂಗ ಮುಂದುವರಿಸಿದ. ಮತ್ತೆ ನಗು. “ಏನರೆ ಅನ್ರಿ,” ಎಂದ ವಿರೇಶ, “ನಮ್ಮೂರಾಗ ಅಶೋಕ ರಾಜ ಬಂಡೆಗಲ್ಲಿನ ಮ್ಯಾಲ ಶಾಸನ ಕೆತ್ತಿಸಿ ಹೋದ. ಓದೋರು ಓದ್ರಿ, ಬಿಡೋರು ಬಿಡ್ರಿ ಅಂದ. ಯಾರನ್ನೂ ಹಿಡಿದು ಕೂಡಿಸಲಿಲ್ಲ.” ಆಗ ಎದ್ದ ನಗುವಿನಲ್ಲಿ ಒಂದು ಹೆಣ್ಣುನಗು ಎಲ್ಲದರ ಮೇಲೆ ಹಾರಿ ಬಂತು. ಎಲ್ಲೋ ಕೇಳಿದ ನಗು ಎನ್ನಿಸಿ ಆದೆಪ್ಪ ಹುಡುಕಿದ. ಕೆಳಗಿನ ಮೂಲೆಯ ಚೌಕದಲ್ಲಿ ಅವನದೇ ಅಡುಗೆಮನೆ, ಅವನದೇ ಒಲೆ, ಒಲೆಯ ಮುಂದೆ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ ಬಸವಣ್ಣೆಮ್ಮ. ಮದುವೆಯಾದ ಹೊಸತಿನಲ್ಲಿ ಕೇಳಿದ್ದ ನಗು ಅದು. ಅದಕ್ಕೇ ಅವನಿಗೆ ಗುರುತು ಸಿಕ್ಕಿರಲಿಲ್ಲ.

ಆದೆಪ್ಪನಿಗೆ ಹಿಂದೆ ಸರಿದು ಹೋಗಿಬಿಡಬೇಕೆನ್ನಿಸಿತು. ಆದರೆ ಚೀಲ ಬಾಗಿಲಿಗೆ ತಗುಲಿ ಇಕ್ಕಳ ಕಟರುಗಳು ಝಣ್ ಎಂದವು. ಅಷ್ಟರಲ್ಲಿ ಟಿವಿಯ ಮೇಲಿನ ಕ್ಯಾಮೆರಾ ಅವನನ್ನು ಎಲ್ಲರಿಗೂ ತೋರಿಸಿತ್ತು.

ಮೊದಲು ಬಸವಲಿಂಗ ಕಲ್ಲಾದ. ಬೆರಳು ಮೇಲೆ, ಬಾಯಿ ತೆರೆದಂತೆ. ಅವನನ್ನು ನೋಡಿ ಪಕ್ಕದಲ್ಲಿದ್ದ ರಾಜಶ್ರೀ ಕಲ್ಲಾದಳು. ಮುದಗಲ್ಲಿನಲ್ಲಿ ಭಾಗ್ಯಶ್ರೀ ಚಹಾದ ಲೋಟ ತುಟಿಗಿಟ್ಟವಳು ಹಾಗೇ ನಿಂತಳು. ಬೀಗರು ನಿಂತರು. ಬಸವಣ್ಣೆಮ್ಮ ಸೆರಗು ಕಣ್ಣಿಗೆ ಹಿಡಿದೇ ಅಲ್ಲಾಡದಾದಳು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಇಷ್ಟು ವಾರ ಆದೆಪ್ಪ ಕಲ್ಲಾಗುವುದನ್ನು ನೋಡಿ ನೋಡಿ ಎಲ್ಲರಿಗೂ ತಾನಾಗಿಯೇ ಬಂದಿತ್ತು.

“ಲೇ, ಏನಾತು? ನನ್ನ ನೆಟ್ ಹೋತೇನು?” ಎಂದು ಎಲ್ಲರಿಗಿಂತ ನಿಜವಾಗಿ ಗಾಬರಿಯಾದವನು ವಿರೇಶ. ರೌಟರ್ ನೋಡಲು ತಿರುಗಿದವನು ಮಾವನನ್ನು ಕಂಡು ಅವನೂ ಕಲ್ಲಾದ. ಅವನಿಗೆ ಮಾತ್ರ ನೆಟ್ಟಿನ ನೆಪ ಇರಲಿಲ್ಲ.

ಆದೆಪ್ಪ ನಿಧಾನವಾಗಿ ಒಳಗೆ ಬಂದ. ಚೀಲ ಕೆಳಗಿಟ್ಟ. ಮೂಲೆಯ ರೌಟರನ್ನು ಬಗ್ಗಿ ನೋಡಿದ, ದೀಪಗಳೆಲ್ಲ ಹಸಿರು. ಟಿವಿಯ ಹತ್ತಿರ ಹೋಗಿ ಕನ್ನಡಕ ಏರಿಸಿಕೊಂಡು ಒಂದೊಂದೇ ಚೌಕ ನೋಡಿದ. ಬಸವಲಿಂಗನ ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ರಾಜಶ್ರೀಯ ಹಿಂದೆ ಬೆಕ್ಕೊಂದು ಸೋಫಾದಿಂದ ಇಳಿದು ಹೋಯಿತು. ಭಾಗ್ಯಶ್ರೀಯ ಲೋಟದಿಂದ ಹಬೆ ಏಳುತ್ತಿತ್ತು.

“ನೆಟ್ ಸಿಕ್ಕೊಂಡೈತಿ,” ಎಂದ ಆದೆಪ್ಪ.

“ಹೌದ್ರಿ ಮಾಮಾ,” ಎಂದ ವಿರೇಶ.

“ಬಿಡಿಸ್ಬೇಕಂದ್ರ ಸ್ವಲ್ಪ ಹೊತ್ತು ಹಿಡೀತೈತಿ. ಅಲ್ಲೀತನ ಸುಮ್ನ ಯಾಕ ಕೂಡೂದು?”

ಆದೆಪ್ಪ ಕ್ಯಾಮೆರಾದ ಎದುರಿನ ಕುರ್ಚಿಯಲ್ಲಿ ಕೂತ. ಅಂಗಿಯ ಜೇಬಿನಿಂದ ಹಾಳೆಗಳನ್ನು ತೆಗೆದು ಮಡಿಕೆ ಬಿಡಿಸಿದ. ಆ ವಾರ ಬರೆದದ್ದಷ್ಟೇ ಅಲ್ಲ, ನೆಟ್ ಹೋಗಿ ಉಳಿದ ಬಾಕಿಯೂ ಅದರಲ್ಲಿತ್ತು. ಓದತೊಡಗಿದ. ಒಂದೊಂದು ಸಾಲನ್ನು ಎರಡೆರಡು ಸಲ, ಉಸಿರು ತೆಗೆದುಕೊಂಡು, ಕಣ್ಣೆತ್ತಿ ಎಲ್ಲರನ್ನೂ ನೋಡಿ ನೋಡಿ ಓದಿದ. ಇಂಥ ಕೇಳುಗರು ಅವನಿಗೆ ಎಂದೂ ಸಿಕ್ಕಿರಲಿಲ್ಲ. ಯಾರೂ ಆಕಳಿಸುವಂತಿಲ್ಲ, ಗಡಿಯಾರ ನೋಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಮೇಲೆತ್ತಿದ ಬಸವಲಿಂಗನ ಕೈ ಮೆಲ್ಲಗೆ ನಡುಗಲು ಶುರುವಾಯಿತು. ಅವನ ಮೂಗಿನ ಮೇಲೆ ನೊಣ ಕೂತು, ತುದಿಯಿಂದ ಬುಡದವರೆಗೆ ನಡೆದು ಹೋಯಿತು. ಆದೆಪ್ಪ ಅದನ್ನೂ ನೋಡಿದ, ಮುಂದಿನ ವಚನಕ್ಕೆ ಹೋದ. ಭಾಗ್ಯಶ್ರೀಯ ಲೋಟದ ಹಬೆ ನಿಂತುಹೋಯಿತು.

ಕಡೆಗೆ ಅಲ್ಲಾಡಿದವಳು ಬಸವಣ್ಣೆಮ್ಮ. ಅವಳ ಬೆನ್ನ ಹಿಂದೆ ಹಂಚಿನಿಂದ ಕಪ್ಪು ಹೊಗೆ ಏಳುತ್ತಿತ್ತು.

“ರೊಟ್ಟಿ ಸೀದು ಹೋತು. ಯಾರರೆ ಏನರೆ ಅನ್ಕೊಳ್ರಿ, ನಾ ಅಲ್ಲಾಡ್ತೀನಿ,” ಎಂದು ಅವಳು ತಿರುಗಿ ಒಲೆ ಆರಿಸಿದಳು.

ಬಸವಲಿಂಗನ ಕೈ ದೊಪ್ಪೆಂದು ಬಿತ್ತು. ಆಮೇಲೆ ಚೌಕಗಳು ಒಂದೊಂದೇ ಆರಿದವು. ವಿರೇಶ ಚಹಾ ಮಾಡಿಸಲೇ ಎಂದು ಕೇಳಿದ. “ಬ್ಯಾಡ. ನಿನ್ನ ನೆಟ್ ಛಲೋ ಐತಿ. ಏನೂ ತೊಂದ್ರಿ ಇಲ್ಲ,” ಎಂದು ಆದೆಪ್ಪ ಚೀಲ ಎತ್ತಿಕೊಂಡ.

ಮನೆಗೆ ಬಂದಾಗ ಬಸವಣ್ಣೆಮ್ಮ ಬೇರೆ ರೊಟ್ಟಿ ಮಾಡಿಟ್ಟಿದ್ದಳು. ತಟ್ಟೆಯಿಟ್ಟು, ಪಲ್ಯ ಬಡಿಸಿ, ಎದುರಿಗೆ ಕೂತಳು. ಅವನು ಕೇಳುವವರೆಗೆ ಕಾಯಲಿಲ್ಲ.

“ನಿಮ್ಮ ನೆಟ್ ಸರಿ ಆತಲ್ಲ, ಅವತ್ತಿಂದ ಕೂಡಾಕತ್ತೀವಿ. ಅದರ ಮುಂಚೆ ನಿಮ್ಮ ನೆಟ್ಟ ಹೋಗ್ತಿತ್ತು, ಗರಜ್ ಇದ್ದಿಲ್ಲ.”

“ನನ್ನ ಮುಂದ ಹೇಳ್ಬೇಕಿತ್ತು.”

“ಹೆಂಗ ಹೇಳೂದು? ನೀವು ಎಲ್ಲಾರ ಬಾಯಿ ಬಂದ್ ಮಾಡಿ ಕೂಡ್ತೀರಿ. ರಾಜಶ್ರೀ ಎದುರಿಗೇ ಕಾಣ್ತಾಳ, ಆಕಿ ಮೊಣಕಾಲು ನೋವು ಹೆಂಗೈತಿ ಅಂತ ಕೇಳಂಗಿಲ್ಲ. ಮಗಳು ಎದುರಿಗೇ ಕುಂತಿರ್ತಾಳ, ಸೊರಗ್ಯಾಳ, ಯಾಕವ್ವಾ ಅನ್ನಂಗಿಲ್ಲ.”

ಆದೆಪ್ಪ ರೊಟ್ಟಿ ಮುರಿದ.

“ಬಸವಲಿಂಗ ಮೊದಲನೇ ಸಾಲು ತಪ್ಪು ಹೇಳಿದ,” ಎಂದ. “‘ಹಾಕಿದೊಡೆ’ ಅಲ್ಲ, ‘ಚೆಲ್ಲಿದೊಡೆ’.”

“ಅಂವ ಸರಿ ಹೇಳಿದ. ನೀವ ಹೋದ ವಾರ ಅದನ್ನ ಚೆಲ್ಲಿದೊಡೆ ಅಂತ ಮಾಡೀರಿ. ಮೊದಲಿಂದ ಛಲೋ ಇತ್ತು,” ಎಂದಳು ಬಸವಣ್ಣೆಮ್ಮ, ಇನ್ನೊಂದು ರೊಟ್ಟಿ ಹಾಕುತ್ತ.

ಸೋಮವಾರದ ಕೂಟವನ್ನು ಆಮೇಲೆ ಭಾಗ್ಯಶ್ರೀ ನಡೆಸತೊಡಗಿದಳು. ಹೆಸರು ಶರಣ ಚಿಂತನವೇ, ಬಾಯಿ ಮಾತ್ರ ಎಲ್ಲರದೂ ತೆರೆದಿತ್ತು. ಮೊದಲ ಸಲ ಆದೆಪ್ಪನನ್ನೂ 'ಬಾ' ಎಂದು ಕರೆದರು. ಹೊಸ ಅಂಗಿ ಹಾಕಿಕೊಂಡು, ಹಾಳೆ ತೊಡೆಯ ಮೇಲಿಟ್ಟುಕೊಂಡು ಅವನು ಕೂತ. ರಾಜಶ್ರೀಯ ಮೊಣಕಾಲಿನ ಎಣ್ಣೆ, ಬೀಗರ ಮನೆಯ ಬೋರ್‌ವೆಲ್, ವಿರೇಶನ ಅಂಗಡಿಯಲ್ಲಿ ಜಮೀಲಾಬೀ ಎಂಬ ಮುದುಕಿ ಬೆರಳಚ್ಚು ತೆಗೆದುಕೊಳ್ಳದ ಯಂತ್ರಕ್ಕೆ ಬೈದದ್ದು, ಎಲ್ಲ ಬಂದು ಹೋಯಿತು. ಕಡೆಗೆ ಬಸವಲಿಂಗನಿಗೇ ನಾಚಿಕೆ ಎನ್ನಿಸಿ, “ಯಣ್ಣಾ, ನಿನ್ನದೊಂದು ವಚನ ಆಗ್ಲಿ,” ಎಂದ.

“ಇವತ್ತು ಬ್ಯಾಡ ಬಿಡ್ರಿ,” ಎಂದ ಆದೆಪ್ಪ, ಇನ್ನೆರಡು ಸಲ ಒತ್ತಾಯ ಮಾಡಲಿ ಎಂದು.

ಯಾರೂ ಒತ್ತಾಯ ಮಾಡಲಿಲ್ಲ. ಮಾತು ಮತ್ತೆ ಬೋರ್‌ವೆಲ್ಲಿಗೆ ಹೋಯಿತು. ಅವನು ಮುಂದೆ ಆ ಕೂಟಕ್ಕೆ ಬರಲಿಲ್ಲ. ಅವನು ಸಿಟ್ಟಾಗಿದ್ದಾನೆ ಎಂಬುದೂ ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ. ಅದಕ್ಕೆ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಕಾಲುವೆಗೆ ನೀರು ಬಿಟ್ಟು ನಾಟಿಯ ಹಂಗಾಮು ಶುರುವಾದ ಮೇಲೆ ಆದೆಪ್ಪ ಅಂಗಡಿಗೆ ಹೋಗಿ ಕೂರತೊಡಗಿದ. ಆ ವರ್ಷ ಯೂರಿಯಾದ ಅಭಾವ ಬಹಳ. ಬೆಳಗಾಗುವ ಮೊದಲೇ ರೈತರ ಸಾಲು ಅಂಗಡಿಯಿಂದ ರಸ್ತೆಯ ತಿರುವಿನವರೆಗೆ ಬೆಳೆಯುತ್ತಿತ್ತು. ಆದೆಪ್ಪ ಗುಮಾಸ್ತನಿಗೆ ಸನ್ನೆ ಮಾಡಿ ಚೀಲ ಕೊಡುವುದನ್ನು ತಡೆಯುತ್ತಿದ್ದ. ಕನ್ನಡಕ ಹಾಕಿಕೊಂಡು ಜೇಬಿನಿಂದ ಹಾಳೆ ತೆಗೆಯುತ್ತಿದ್ದ. ಸಾಲಿನಲ್ಲಿ ನಿಂತವರು ಸಾಲು ಬಿಟ್ಟು ಹೋಗುವುದಿಲ್ಲ. ಬಿಟ್ಟರೆ ಹಿಂದಿನವನು ಮುಂದೆ ಬರುತ್ತಾನೆ.

ಒಂದು ದಿನ ಸಾಲಿನ ಮೊದಲಿಗೆ ಅಂಬಪ್ಪ ಎಂಬ ರೈತ ನಿಂತಿದ್ದ. ತಲೆಯ ಟವೆಲು ತೆಗೆದು ಎದೆಗೆ ಹಿಡಿದು, ವಚನವನ್ನೂ ಅದರ ಆರು ಅರ್ಥಗಳನ್ನೂ ಅಲ್ಲಾಡದೆ ಕೇಳಿದ.

“ಭಾಳ ಛಲೋ ಐತ್ರಿ, ಸಾಹುಕಾರ್ರ,” ಎಂದ ಅವನು. “ಹಂಗ ಇನ್ನೆರಡು ಚೀಲ ಹೆಚ್ಚಿಗಿ ಹಾಕಿಸ್ರಿ.”

ಆದೆಪ್ಪನಿಗೆ ಮೊದಲನೆಯ ಮಾತಷ್ಟೇ ಕೇಳಿಸಿತು. ಗುಮಾಸ್ತನ ಕಡೆ ತಿರುಗಿ, “ಇವರಿಗೆ ಕೇಳಿದಷ್ಟು ಕೊಡು. ತಿಳಿದೋರು ಅದಾರ,” ಎಂದ. ಮರುದಿನ ಸಾಲಿನಲ್ಲಿದ್ದವರೆಲ್ಲ ಟವೆಲು ತೆಗೆದು ಎದೆಗೆ ಹಿಡಿದುಕೊಂಡೇ ನಿಂತಿದ್ದರು.